ಗೆಜ್ಜೆ ಕಟ್ಟುವ ಮುನ್ನ ನೆಲ ನೋಡಿ

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ನಡುವೆ ದುಂಡಗಿನ ಕಲ್ಲಿನ ಜಗುಲಿಯೊಂದಿದೆ. ನುಣುಪಾಗಿ ಹೊಳೆಯುವ ಆ ಕಲ್ಲಿನ ಮೇಲೆ ವಿಷ್ಣುವರ್ಧನನ ರಾಣಿ ಶಾಂತಲೆ ನರ್ತಿಸುತ್ತಿದ್ದಳೆಂದು ಪ್ರತೀತಿ. ಚಿಕ್ಕಮಗಳೂರಿನಿಂದ ಬೇಲೂರು ಹತ್ತಿರ. ನಮ್ಮ ಕಡೆಯ ಶಾಲಾ ಮಕ್ಕಳು ಪ್ರವಾಸಕ್ಕೆ ಹೋದಾಗಲೆಲ್ಲ ಈ ಕಥೆಯನ್ನು ಕೇಳಿಕೊಂಡೇ ಬರುತ್ತಾರೆ. ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಹೊರಗೋಡೆಯ ಮೇಲ್ಭಾಗದ ಮದನಿಕೆಯರ ಮಂಡಿಯ ಬಾಗು, ಪಾದದ ತಿರುವು ನೋಡಿದರೆ, ಅವರನ್ನು ಕಡೆದ ರೂವಾರಿಗಳು ನೃತ್ಯವನ್ನು ಎಷ್ಟು ಹತ್ತಿರದಿಂದ ಕಂಡಿದ್ದರೆಂಬುದು ತಿಳಿಯುತ್ತದೆ.

ಆದರೆ ದೇವರ ಮುಂದೆ ಒಂದು ಸಂಜೆ ಕಲ್ಲಿನ ಮೇಲೆ ನರ್ತಿಸುವುದು ಒಂದು ಮಾತು. ವಾರಕ್ಕೆ ಎರಡು ದಿನದಂತೆ ವರ್ಷಗಟ್ಟಲೆ, ಇನ್ನೂ ಬೆಳೆಯುತ್ತಿರುವ ಮೂಳೆಯ ಮಕ್ಕಳು ಕಲ್ಲಿನ ಮೇಲೆ ಕಾಲು ಕುಟ್ಟುವುದು ಬೇರೆಯೇ ಮಾತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸುತ್ತಮುತ್ತ ನೃತ್ಯ ಕಲಿಯುವ ಮಕ್ಕಳಲ್ಲಿ ಬಹುಮಂದಿ ಮಾಡುತ್ತಿರುವುದು ಎರಡನೆಯದನ್ನು. ಸಮುದಾಯ ಭವನ, ಅಂಗಡಿ ಸಾಲಿನ ಮೇಲಂತಸ್ತು, ಗುರುಗಳ ಮನೆಯ ಹಜಾರ, ಶಾಲೆಯ ಸಭಾಂಗಣ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತರಗತಿ. ಇಂಥ ಕಡೆ ಕೆಳಗಿರುವುದು ಸಾಮಾನ್ಯವಾಗಿ ಕಾಂಕ್ರೀಟು, ಅದರ ಮೇಲೆ ಗ್ರಾನೈಟು ಅಥವಾ ಟೈಲ್ಸು. ಮಗಳನ್ನು ಸೇರಿಸಲು ಹೋದ ಪಾಲಕರು ಗೋಡೆಯುದ್ದದ ಕನ್ನಡಿ, ನಟರಾಜನ ವಿಗ್ರಹ, ಹೊಳೆಯುವ ನೆಲ ನೋಡಿ ಮೆಚ್ಚಿ, ಶುಲ್ಕ ಕಟ್ಟಿ ಬರುತ್ತಾರೆ. ಹೊಳಪೇ ಇಲ್ಲಿ ಅನುಮಾನ ಪಡಬೇಕಾದ ಸಂಗತಿ ಎಂದು ಅವರಿಗೆ ಹೊಳೆಯುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಭರತನಾಟ್ಯದ ಮೊದಲ ಪಾಠ ತಟ್ಟಡವು. ಅರೆಮಂಡಿಯಲ್ಲಿ ಕುಳಿತು, ಇಡೀ ಅಂಗಾಲು ನೆಲಕ್ಕೆ ತಾಗುವಂತೆ ತಟ್ಟಬೇಕು. ಮೊದಲ ಕಾಲದಲ್ಲಿ ಸೆಕೆಂಡಿಗೆ ಒಂದು ತಟ್ಟು ಎಂದಿಟ್ಟುಕೊಂಡರೆ ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಒಂದು ಗಂಟೆಯ ತರಗತಿಯಲ್ಲಿ ನಿಜವಾಗಿ ಕಾಲು ತಟ್ಟುವುದು 20 ನಿಮಿಷ, ಸರಾಸರಿ ಸೆಕೆಂಡಿಗೆ ಎರಡು ತಟ್ಟು ಎಂದು ಹಿಡಿದರೂ 2,400 ತಟ್ಟುಗಳಾದವು. ವಾರಕ್ಕೆ ಎರಡು ತರಗತಿ, ವರ್ಷಕ್ಕೆ 40 ವಾರ ಎಂದರೆ 1,92,000. ಮನೆಯ ಅಭ್ಯಾಸ, ಶಾಲಾ ವಾರ್ಷಿಕೋತ್ಸವದ ತಾಲೀಮು ಇದರಲ್ಲಿ ಸೇರಿಲ್ಲ.

ಈ ತಟ್ಟಿನ ಪೆಟ್ಟು ಎಲ್ಲಿಗೆ ಹೋಗುತ್ತದೆ? ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಕ್ರಿಕೆಟ್ ಚೆಂಡು ಹಿಡಿಯುವವನ ಉದಾಹರಣೆ ಓದಿದ್ದೀರಿ. ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ಅವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಚೆಂಡು ನಿಲ್ಲುವ ದೂರ ಹೆಚ್ಚಿದಷ್ಟೂ ಅಂಗೈಗೆ ಬೀಳುವ ಬಲ ಕಡಿಮೆ. ದೂರ ಎರಡರಷ್ಟಾದರೆ ಸರಾಸರಿ ಬಲ ಅರ್ಧವಾಗುತ್ತದೆ. ನೃತ್ಯದಲ್ಲಿ ಚೆಂಡಿನ ಜಾಗದಲ್ಲಿ ಮಗುವಿನ ಕಾಲಿದೆ, ಅಂಗೈಯ ಜಾಗದಲ್ಲಿ ನೆಲವಿದೆ. ನೆಲ ಕೂದಲೆಳೆಯಷ್ಟೂ ತಗ್ಗದಿದ್ದರೆ ಪಾದವೇ ತಗ್ಗಬೇಕು. ಹಿಮ್ಮಡಿಯ ಮೆತ್ತೆ, ಪಾದದ ಕಮಾನು, ಮೊಣಕಾಲ ಕೆಳಗಿನ ಮೂಳೆ, ಮಂಡಿಯ ಮೃದ್ವಸ್ಥಿ, ಬೆನ್ನೆಲುಬು ಪೆಟ್ಟನ್ನು ಹಂಚಿಕೊಳ್ಳುತ್ತವೆ. ಕ್ರೀಡಾಂಗಣಗಳಲ್ಲಿ ಓಡುವ ಮಕ್ಕಳಿಗೆ ಬೂಟಿನ ಅಡಿಯ ರಬ್ಬರಾದರೂ ಇದೆ. ನಮ್ಮ ನೃತ್ಯ ಬರಿಗಾಲಿನದು. ಆದ್ದರಿಂದ ನೆಲವೇ ನರ್ತಕಿಯ ಪಾದರಕ್ಷೆ ಎಂದರೆ ತಪ್ಪಾಗದು.

ಹತ್ತರಿಂದ ಹದಿನೈದು ವರ್ಷದ ನಡುವೆ ಮಕ್ಕಳು ಥಟ್ಟನೆ ಎತ್ತರವಾಗುತ್ತಾರೆ. ಮೂಳೆ ಬೇಗ ಬೆಳೆಯುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಆ ಸಮಯದಲ್ಲಿ ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ತೊಡೆಯ ಸ್ನಾಯುವಿನ ಕಂಡರ ಮೂಳೆಗೆ ಅಂಟುವ ಜಾಗದಲ್ಲಿ ನೋವು, ಊತ ಕಾಣಿಸಿಕೊಳ್ಳಬಹುದು. ವೈದ್ಯರು ಇದನ್ನು ಆಸ್‌ಗುಡ್-ಶ್ಲಾಟರ್ ತೊಂದರೆ ಎನ್ನುತ್ತಾರೆ. ಓಟ, ಜಿಗಿತ, ಮಂಡಿ ಬಾಗಿಸುವ ಆಟಗಳಲ್ಲಿ ತೊಡಗಿದ ಮಕ್ಕಳಲ್ಲಿ ಇದು ಹೆಚ್ಚು. ಮೊಣಕಾಲಿನ ಮುಂಭಾಗದ ಎಲುಬಿನುದ್ದಕ್ಕೂ ನೋವು ಬರುವುದು ಇನ್ನೊಂದು ಬಗೆ. ಅದನ್ನು ಕಡೆಗಣಿಸಿ ತಟ್ಟುತ್ತಲೇ ಹೋದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬೀಳುವುದೂ ಉಂಟು. ಎಲ್ಲಕ್ಕೂ ನೆಲವೊಂದೇ ಕಾರಣವೆಂದು ಹೇಳುತ್ತಿಲ್ಲ. ಪಾದ ಒಂದು ದಿಕ್ಕಿಗೆ, ಮಂಡಿ ಇನ್ನೊಂದು ದಿಕ್ಕಿಗೆ ಇರುವ ತಪ್ಪು ಅರೆಮಂಡಿ, ರಂಗಪ್ರವೇಶದ ಹಿಂದಿನ ತಿಂಗಳ ಅತಿ ಅಭ್ಯಾಸ ಇವೂ ಕಾರಣಗಳೇ. ಆದರೆ ಅವುಗಳ ಮೇಲೆ ಗಟ್ಟಿ ನೆಲವೂ ಸೇರಿದರೆ ಕಷ್ಟ ಇಮ್ಮಡಿ.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮುಖ. ಏಳನೇ ತರಗತಿಯವರೆಗೆ ಕುಣಿಯುತ್ತಾ ಹೋಗುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ತರಗತಿಯ ದಿನ ತಲೆನೋವು, ಹೋಂವರ್ಕು ಎಂದು ನೆಪ ಹೇಳತೊಡಗುತ್ತಾಳೆ. 'ಅವಳಿಗೆ ಆಸಕ್ತಿ ಹೋಯಿತು' ಎಂದು ಮನೆಯವರು ತೀರ್ಮಾನಿಸುತ್ತಾರೆ. ಹೋಗಿರುವುದು ಆಸಕ್ತಿಯಲ್ಲ, ಕಾಲು ನೋಯುತ್ತಿದೆ. ಹೇಳಿದರೆ ಸೋಮಾರಿ ಎಂದಾರೆಂದು ಸುಮ್ಮನಿದ್ದಾಳೆ. ಎರಡು ವಾರ ಕಳೆದರೂ ಮಾಸದ ನೋವು, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ಮೂಳೆ ವೈದ್ಯರಿಗೆ ತೋರಿಸಬೇಕು.

ನಮ್ಮ ಹಿರಿಯರ ನೆಲ

ಹಳೆಯ ಕಾಲದಲ್ಲಿ ಇಂಥ ಸ್ಟುಡಿಯೊಗಳು ಎಲ್ಲಿದ್ದವು ಎಂದು ಕೇಳುವವರಿದ್ದಾರೆ. ಆಗ ಕಾಂಕ್ರೀಟೂ ಇರಲಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಯಕ್ಷಗಾನದ ಬಯಲಾಟವನ್ನೇ ನೋಡಿ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಬಡಗುತಿಟ್ಟಿನ ಕಲಾವಿದ ಮಂಡಿಯೂರಿ ಗಿರಕಿ ಹೊಡೆಯುತ್ತಿದ್ದುದು ಆ ಮಣ್ಣಿನ ಮೇಲೆ. ಮಣ್ಣು ಸ್ವಲ್ಪ ತಗ್ಗುತ್ತದೆ, ಪೆಟ್ಟನ್ನು ನುಂಗುತ್ತದೆ. ಸಗಣಿ ಸಾರಿಸಿದ ಅಂಗಳವೂ ಹಾಗೆಯೇ. ಇವತ್ತು ಅದೇ ಮಂಡಿ ಕುಣಿತವನ್ನು ಸಿಮೆಂಟಿನ ವೇದಿಕೆಯಲ್ಲಿ ಮಾಡಬೇಕಾಗಿ ಬರುವ ಹುಡುಗರನ್ನು ಕಂಡರೆ ನನಗೆ ಚಪ್ಪಾಳೆಗಿಂತ ಮೊದಲು ಸಂಕಟವಾಗುತ್ತದೆ.

ಭರತನ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಪೂರ್ತಿ ನಾಟ್ಯಮಂಟಪದ ರಚನೆಗೇ ಮೀಸಲು. ಅದು ಪ್ರದರ್ಶನದ ಮಂಟಪ, ಅಭ್ಯಾಸದ ಕೊಠಡಿಯಲ್ಲ. ಆದರೂ ಅಲ್ಲಿನ ವಿಚಾರ ಇಂದಿಗೂ ಹಳತಾಗಿಲ್ಲ. ರಂಗದ ನೆಲಕ್ಕೆ ಕಲ್ಲು, ಹರಳು, ಹುಲ್ಲು ತೆಗೆದ ಕಪ್ಪು ಮಣ್ಣನ್ನು ತುಂಬಬೇಕು. ಅದು ಆಮೆಯ ಬೆನ್ನಿನಂತೆಯೂ ಇರಬಾರದು, ಮೀನಿನ ಬೆನ್ನಿನಂತೆಯೂ ಇರಬಾರದು, ಕನ್ನಡಿಯಂತೆ ಸಮತಟ್ಟಾಗಿರಬೇಕು ಎನ್ನುತ್ತಾನೆ ಭರತ. ಮಂಟಪಕ್ಕೆ 64 ಮೊಳ ಉದ್ದ, 32 ಮೊಳ ಅಗಲ ಸಾಕು, ಅಂದರೆ ಸುಮಾರು 96 ಅಡಿಗೆ 48 ಅಡಿ. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣುವುದಿಲ್ಲ ಎಂಬ ಎಚ್ಚರಿಕೆಯೂ ಅಲ್ಲಿದೆ.

ನಮ್ಮ ಮಲೆನಾಡಿನ ಹಳೆಯ ಮನೆಗಳ ಉಪ್ಪರಿಗೆಯ ಹಲಗೆ ನೆಲವನ್ನು ನೆನಪಿಸಿಕೊಳ್ಳಿ. ತೊಲೆಯ ಮೇಲೆ ಹಲಗೆ, ಹಲಗೆಯ ಕೆಳಗೆ ಗಾಳಿ. ಮಕ್ಕಳು ಓಡಿದರೆ ಧುಂ ಧುಂ ಎನ್ನುತ್ತದೆ, ಸ್ವಲ್ಪ ಬಾಗುತ್ತದೆ, ಮತ್ತೆ ಮೇಲೇಳುತ್ತದೆ. ಹೊರದೇಶಗಳ ನೃತ್ಯಶಾಲೆಗಳಲ್ಲಿ ದುಡ್ಡು ಸುರಿದು ಹಾಕಿಸುವ ನೆಲದ ತತ್ತ್ವ ಇದೇ. ಹಾಗೆಂದು ಹಳೆಯ ಉಪ್ಪರಿಗೆಯಲ್ಲಿ ಇಪ್ಪತ್ತು ಮಕ್ಕಳನ್ನು ನಿಲ್ಲಿಸಿ ತಟ್ಟಿಸಬೇಡಿ. ಒಂದೇ ಲಯದಲ್ಲಿ ಬೀಳುವ ಹೆಜ್ಜೆಗಳ ಶಕ್ತಿ ದೊಡ್ಡದು. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ತೂಗುಸೇತುವೆ ಸೈನಿಕರು ಹೆಜ್ಜೆ ಕೂಡಿಸಿ ನಡೆಯುತ್ತಿದ್ದಾಗ ಕುಸಿಯಿತು. ಅನುನಾದದ ಪಾಠದಲ್ಲಿ ಸೇತುವೆಯ ಮೇಲೆ ಸೈನಿಕರು ಹೆಜ್ಜೆ ಮುರಿದು ನಡೆಯುತ್ತಾರೆಂದು ಓದುತ್ತೀರಲ್ಲ, ಅದರ ಹಿಂದಿನ ಕಥೆ ಇದು. ಗೆದ್ದಲು ಹಿಡಿದ ತೊಲೆಯ ಮೇಲೆ ಮಕ್ಕಳ ತಟ್ಟಡವು ನಡೆಸುವುದು ಜಾಣತನವಲ್ಲ.

ನೆಲ ಮಾಡುವ ಬಗೆ

ಇರುವ ಕಾಂಕ್ರೀಟಿನ ಮೇಲೆಯೇ ಒಳ್ಳೆಯ ನೆಲ ಮಾಡಬಹುದು. ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ನಮ್ಮ ಮಳೆಗಾಲದಲ್ಲಿ ನೆಲದಿಂದ ಮೇಲೇರುವ ತೇವಕ್ಕೆ ಅದೇ ತಡೆ. ಅದರ ಮೇಲೆ ಅರ್ಧ ಇಂಚು ದಪ್ಪದ ರಬ್ಬರ್ ತುಂಡುಗಳು. ತುಂಡುಗಳ ಮೇಲೆ ಎರಡು ಇಂಚು ಅಗಲ, ಒಂದು ಇಂಚು ದಪ್ಪದ ಮರದ ರೀಪುಗಳು, ಸುಮಾರು ಅಡಿಗೊಂದರಂತೆ. ಅವುಗಳಿಗೆ ಅಡ್ಡಲಾಗಿ ಇನ್ನೊಂದು ಸಾಲು ರೀಪು. ಇಲ್ಲೊಂದು ಸೂಕ್ಷ್ಮವಿದೆ. ಮೇಲಿನ ರೀಪು ಕೆಳಗಿನದನ್ನು ದಾಟುವ ಜಾಗ ರಬ್ಬರ್ ತುಂಡಿನ ನೇರ ಮೇಲೆ ಬರಬಾರದು, ಎರಡು ತುಂಡುಗಳ ನಡುವೆ ಬರಬೇಕು. ಆಗ ಮಾತ್ರ ರೀಪು ಬಿಲ್ಲಿನಂತೆ ಬಾಗಲು ಸಾಧ್ಯ. ಇದರ ಮೇಲೆ 12 ಮಿಲಿಮೀಟರಿನ ಪ್ಲೈವುಡ್ ಎರಡು ಪದರ, ಒಂದರ ಸಂದಿ ಇನ್ನೊಂದರ ಸಂದಿಯ ಮೇಲೆ ಬೀಳದಂತೆ. ಒಟ್ಟು ಎತ್ತರ ನಾಲ್ಕು ಇಂಚಿನೊಳಗೆ. ಬಡಗಿಗೆ ಒಮ್ಮೆ ಚಿತ್ರ ಬರೆದು ತೋರಿಸಿದರೆ ಸಾಕು, ಇದರಲ್ಲಿ ಅವನಿಗೆ ತಿಳಿಯದ ವಿದ್ಯೆಯೇನೂ ಇಲ್ಲ.

ತೋಟದವರು ಕೂಡಲೇ ಕೇಳುವ ಪ್ರಶ್ನೆ: ನಮ್ಮಲ್ಲೇ ಸಿಲ್ವರ್ ಓಕ್ ಇದೆಯಲ್ಲ, ಅದನ್ನೇ ಬಳಸಬಹುದೇ? ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಈ ಮರ ಪ್ಲೈವುಡ್ ಕಾರ್ಖಾನೆಗೂ ಹೋಗುತ್ತದೆ. ರೀಪಿಗೆ ಬಳಸಬಹುದು, ಆದರೆ ಚೆನ್ನಾಗಿ ಒಣಗಿಸಿ, ಗೆದ್ದಲಿಗೆ ಔಷಧಿ ಕೊಡಿಸಿದ ಮೇಲೆ. ಹಸಿ ಮರ ಹಾಕಿದರೆ ಒಂದು ಬೇಸಿಗೆ ಕಳೆಯುವುದರೊಳಗೆ ಸೊಟ್ಟಗಾಗಿ ನೆಲ ಕಿರುಗುಟ್ಟುತ್ತದೆ. ಮರ ತೇವ ಹೀರಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಆದ್ದರಿಂದ ಗೋಡೆಯ ಸುತ್ತ ಒಂದು ಸೆಂಟಿಮೀಟರಿನಷ್ಟಾದರೂ ಸಂದು ಬಿಡಬೇಕು. ಬಿಡದಿದ್ದರೆ ಆಗಸ್ಟಿನ ಹೊತ್ತಿಗೆ ನೆಲ ನಡುವೆ ಉಬ್ಬಿ ಭರತ ಹೇಳಿದ ಆಮೆಯ ಬೆನ್ನೇ ಆಗುತ್ತದೆ!

ಮೆತ್ತಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ಕೆಲವರು ಕರಾಟೆಗೆ ಹಾಸುವ ದಪ್ಪ ಫೋಮ್ ಹಾಳೆಗಳನ್ನು ತರುತ್ತಾರೆ. ಅದೂ ಸರಿಯಲ್ಲ. ಪಾದ ಅದರೊಳಗೆ ಹೂತು, ತಿರುಗುವಾಗ ಕಣಕಾಲು ಉಳುಕುತ್ತದೆ. ತಟ್ಟಿನ ನಾದವೂ ಸತ್ತುಹೋಗುತ್ತದೆ. ಜಮಖಾನವಂತೂ ಟೈಲ್ಸಿನ ಮೇಲೆ ಜಾರುವುದರಿಂದ ಅಪಾಯಕ್ಕೆ ಆಹ್ವಾನ. ನೆಲ ಒಂದಿಷ್ಟು ತಗ್ಗಬೇಕು, ಕೂಡಲೇ ಮೇಲೇಳಬೇಕು. ಕ್ರೀಡಾ ಸಭಾಂಗಣಗಳ ನೆಲಕ್ಕೆ ಯುರೋಪಿನಲ್ಲಿ ಇಎನ್ 14904 ಎಂಬ ಮಾನಕವಿದೆ. 20 ಕಿಲೋಗ್ರಾಂ ತೂಕವನ್ನು ಸ್ಪ್ರಿಂಗಿನ ಮೇಲೆ ಬೀಳಿಸಿ, ಕಾಂಕ್ರೀಟಿನ ಮೇಲೆ ಬೀಳುವ ಪೆಟ್ಟಿಗಿಂತ ಈ ನೆಲದ ಮೇಲೆ ಎಷ್ಟು ಕಡಿಮೆ ಎಂದು ಅಳೆಯುತ್ತಾರೆ. ಕನಿಷ್ಠ ಶೇ 25ರಷ್ಟಾದರೂ ಕಡಿಮೆಯಾಗಬೇಕು. ನಾವು ಯಂತ್ರ ತರಬೇಕಾಗಿಲ್ಲ. ಮಗುವೊಂದು ಜಿಗಿಯುತ್ತಿರುವಾಗ ಒಂದು ಗಜ ದೂರದಲ್ಲಿ ಬರಿಗಾಲಲ್ಲಿ ನಿಂತು ನೋಡಿ. ಹಲಗೆ ನೆಲವಾದರೆ ನಿಮ್ಮ ಅಂಗಾಲಿಗೆ ಅದರ ಕಂಪನ ತಿಳಿಯುತ್ತದೆ. ಕಾಂಕ್ರೀಟಾದರೆ ಏನೂ ತಿಳಿಯುವುದಿಲ್ಲ, ಎಲ್ಲವೂ ಆ ಮಗುವಿನ ಕಾಲಿನಲ್ಲೇ ಉಳಿಯುತ್ತದೆ.

ಮೇಲ್ಮೈಯ ಮಾತೂ ಇದೆ. ಬೆವರಿದ ಪಾದಕ್ಕೆ ಹೊಳಪಿನ ವಾರ್ನಿಷ್ ಜಾರುತ್ತದೆ. ತೀರಾ ಒರಟಾದರೆ ಪಾದ ಹಿಡಿದುಕೊಂಡು ಮಂಡಿ ಮಾತ್ರ ತಿರುಗುತ್ತದೆ, ಅದು ಇನ್ನೂ ಕೆಟ್ಟದ್ದು. ಮಂದ ಹೊಳಪಿನ ಲೇಪ, ದಿನವೂ ಒಣ ಬಟ್ಟೆಯಲ್ಲಿ ಒರಸುವುದು, ಕಿತ್ತು ಬಿದ್ದ ಗೆಜ್ಜೆ, ಸೇಫ್ಟಿಪಿನ್ ಹುಡುಕಿ ತೆಗೆಯುವುದು ಇಷ್ಟಿದ್ದರೆ ಆಯಿತು.

ಕನ್ನಡಿ, ಕಿವಿ, ಗಾಳಿ

ಕನ್ನಡಿಯ ವಿಷಯದಲ್ಲಿ ಹತ್ತನೇ ತರಗತಿಯವರು ತಂದೆತಾಯಿಗಳ ದುಡ್ಡು ಉಳಿಸಬಹುದು. ಸಮತಲ ದರ್ಪಣದಲ್ಲಿ ಪೂರ್ತಿ ಬಿಂಬ ಕಾಣಲು ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು. ಎಷ್ಟು ದೂರ ನಿಂತರೂ ಇದು ಬದಲಾಗದು. ಆದರೆ ಆ ಅರ್ಧ ಸರಿಯಾದ ಜಾಗದಲ್ಲಿರಬೇಕು. ಕನ್ನಡಿಯ ಕೆಳ ಅಂಚು ಕಣ್ಣಿನ ಎತ್ತರದ ಅರ್ಧಕ್ಕಿಂತ ಮೇಲಿದ್ದರೆ ಪಾದ ಕಾಣುವುದಿಲ್ಲ. 120 ಸೆಂಟಿಮೀಟರ್ ಎತ್ತರದ ಮಗುವಿನ ಕಣ್ಣು ಸುಮಾರು 110ರಲ್ಲಿರುತ್ತದೆ. ಅರೆಮಂಡಿಯಲ್ಲಿ ಕಾಲುಭಾಗ ಇಳಿದರೆ ಕಣ್ಣು 80ಕ್ಕೆ ಬಂತು. ಆಗ ಕನ್ನಡಿ 40 ಸೆಂಟಿಮೀಟರಿನಿಂದಲೇ ಆರಂಭವಾಗಿರಬೇಕು. ಮೇಲಂಚು 180 ಸೆಂಟಿಮೀಟರ್ ಇದ್ದರೆ ದೊಡ್ಡವರಿಗೂ ಸಾಲುತ್ತದೆ. ಸೂರಿನವರೆಗೆ ಕನ್ನಡಿ ಹಾಕಿಸುವುದು ಬರಿ ಒಣ ಡೌಲು. ತೆಳು ಕನ್ನಡಿ ಬಾಗಿ ಜಾತ್ರೆಯ ಕನ್ನಡಿಯಂತೆ ಸೊಟ್ಟ ತೋರಿಸುತ್ತದೆ, 6 ಮಿಲಿಮೀಟರ್ ದಪ್ಪದ್ದಿರಲಿ. ಒಡೆದರೆ ಚೂರು ಹಾರದಂತೆ ಹಿಂದೆ ಅಂಟುಹಾಳೆ ಇರಲಿ. ಮಲೆನಾಡಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಕನ್ನಡಿಯನ್ನು ಗೋಡೆಗೆ ಒತ್ತಿ ಕೂರಿಸಿದರೆ ಬೆಳ್ಳಿಯ ಲೇಪ ಅಂಚಿನಿಂದ ಕಪ್ಪಾಗುತ್ತ ಬರುತ್ತದೆ, ಹಿಂದೆ ಗಾಳಿಯಾಡುವಂತೆ ಜಾಗ ಬಿಡಬೇಕು. ಕಿಟಕಿಗೆ ಎದುರಾಗಿಯೂ ಬೇಡ, ಬೆಳಕು ಕಣ್ಣಿಗೆ ಹೊಡೆಯುತ್ತದೆ.

ಕನ್ನಡಿಗೊಂದು ಪರದೆಯೂ ಇರಲಿ ಎಂಬುದು ನನ್ನ ಅಭಿಪ್ರಾಯ. ಸದಾ ತನ್ನ ಬಿಂಬವನ್ನೇ ನೋಡುತ್ತ ಕಲಿತ ಮಗುವಿನ ದೃಷ್ಟಿ ಹಸ್ತದ ಹಿಂದೆ ಹೋಗುವುದಿಲ್ಲ, ಎದುರಿನ ಗೋಡೆಗೆ ಅಂಟಿಕೊಳ್ಳುತ್ತದೆ. ವೇದಿಕೆಯ ಮೇಲೆ ಕನ್ನಡಿ ಇರುವುದಿಲ್ಲವಲ್ಲ.

ಇನ್ನು ಧ್ವನಿ. ಖಾಲಿ ಹಾಲಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಗುಂಯ್ ಎಂದು ಎರಡು ಮೂರು ಸೆಕೆಂಡು ಉಳಿದರೆ ಅಲ್ಲಿ ಜತಿ ಕಲಿಸುವುದು ಕಷ್ಟ. ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಅಕ್ಷರ ಬರುವಾಗ ಹಿಂದಿನ ಅಕ್ಷರದ ಅನುರಣನೆ ಮುಂದಿನದನ್ನು ಮುಚ್ಚಿಬಿಡುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತು ಕೇಳಿಸದ ಉಪನ್ಯಾಸ ಕೊಠಡಿಯೊಂದನ್ನು ಸರಿಪಡಿಸಲು 1895ರಲ್ಲಿ ವ್ಯಾಲೇಸ್ ಸಾಬಿನ್ ಎಂಬ ಭೌತವಿಜ್ಞಾನದ ಅಧ್ಯಾಪಕರಿಗೆ ಹೇಳಿದರು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಜೋಡಿಸುತ್ತ, ತೆಗೆಯುತ್ತ ಅನುರಣನದ ಸೂತ್ರವನ್ನೇ ಕಂಡುಹಿಡಿದರು. ಆ ಸೂತ್ರದಂತೆ 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಬರಿಗೋಡೆಯ ಹಾಲಿನಲ್ಲಿ ಸದ್ದು ಐದು ಸೆಕೆಂಡಿಗೂ ಮಿಕ್ಕಿ ಉಳಿಯುತ್ತದೆ. 30 ಚದರ ಮೀಟರ್ ದಪ್ಪ ಪರದೆ ಇಳಿಬಿಟ್ಟರೆ ಎರಡು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಮಕ್ಕಳು ಬಂದು ನಿಂತರೆ ಇನ್ನೂ ಕಡಿಮೆ. ಹಳೆಯ ಕಂಬಳಿಯೂ ಆಗುತ್ತದೆ.

ಆದರೆ ಪರದೆಯಿಂದ ತಡೆಯಲಾಗದ ಸದ್ದೊಂದು ನಮ್ಮಲ್ಲಿದೆ. ತಗಡಿನ ಸೂರಿನ ಮೇಲೆ ಕಳಸದ ಮಳೆ ಬೀಳುವಾಗ ಗುರುಗಳ ತಟ್ಟುಮಣೆಯ ಸದ್ದು ಮೊದಲ ಸಾಲಿಗೂ ಕೇಳಿಸದು. ಧ್ವನಿವರ್ಧಕ ಜೋರು ಮಾಡಿದರೆ ಕಿವಿಗೆ ಕೇಡು. ತಗಡಿಗಿಂತ ಹೆಂಚು ವಾಸಿ. ತಗಡೇ ಆದರೆ ಕೆಳಗೆ ಹಲಗೆಯದೋ ನಾರಿನ ಹಾಳೆಯದೋ ಒಳಸೂರು ಬೇಕೇ ಬೇಕು.

ಮಳೆಯೆಂದು ಕಿಟಕಿಗಳನ್ನೆಲ್ಲ ಮುಚ್ಚುವುದು ಇನ್ನೊಂದು ರೂಢಿ. ಆಗ ಹಾಲಿನಲ್ಲಿ ತೇವ ತುಂಬಿ ಬೆವರು ಆರುವುದಿಲ್ಲ, ಉಸಿರಿನ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಮಕ್ಕಳು ತೂಕಡಿಸುತ್ತಾರೆ. ಎರಚಲು ಬಾರದಂತೆ ಸೂರು ಚಾಚಿ, ಕೆಳಗೊಂದು ಮೇಲೊಂದು ಗಾಳಿಕಿಂಡಿ ಇಟ್ಟರೆ ಬಿಸಿಗಾಳಿ ತಾನೇ ಮೇಲಿನಿಂದ ಹೊರಹೋಗುತ್ತದೆ. ಗೆಜ್ಜೆಯ ಚರ್ಮದ ಪಟ್ಟಿ, ಮೃದಂಗದ ಬಾರು ಬೂಸು ಹಿಡಿಯದಿರುವುದಕ್ಕೂ ಇದೇ ಮದ್ದು. ವಿದ್ಯುತ್ ಸಾಕೆಟ್ಟುಗಳು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಬರಿಗಾಲು, ತೇವದ ನೆಲ ಇರುವಲ್ಲಿ ಸೋರಿಕೆ ಕಂಡೊಡನೆ ಕಡಿತಗೊಳಿಸುವ 30 ಮಿಲಿಆಂಪಿಯರಿನ ಸ್ವಿಚ್ ಕಡ್ಡಾಯ.

ಜಾಗದ ಲೆಕ್ಕ ಸುಲಭ. ಚಾಚಿದ ಕೈಗಳ ಅಳತೆ ಹೆಚ್ಚುಕಡಿಮೆ ಮಗುವಿನ ಎತ್ತರದಷ್ಟೇ. ನಾಟಡವಿಗೆ ಕಾಲು ಚಾಚುವುದನ್ನೂ ಸೇರಿಸಿದರೆ ಒಬ್ಬರಿಗೆ ಎರಡು ಮೀಟರ್ ಚೌಕ ಬೇಕು. ಮೇಲೆ ಹೇಳಿದ ಹಾಲಿನಲ್ಲಿ ಗುರುಗಳ ಜಾಗ ಬಿಟ್ಟರೆ ಹದಿನಾರು ಮಕ್ಕಳು. ಮೂವತ್ತು ಮಂದಿಯನ್ನು ತುಂಬಿದ್ದರೆ ಕೇಳುವ ಹಕ್ಕು ಪಾಲಕರಿಗಿದೆ.

ನೃತ್ಯಕ್ಕೆಂದೇ ಆರಂಭದಿಂದ ಯೋಚಿಸಿ ಕಟ್ಟಿದ ಜಾಗಗಳು ನಮ್ಮ ರಾಜ್ಯದಲ್ಲಿಲ್ಲದಿಲ್ಲ. ಪ್ರೊತಿಮಾ ಬೇಡಿ 1990ರಲ್ಲಿ ಹೆಸರಘಟ್ಟದಲ್ಲಿ ಆರಂಭಿಸಿದ ನೃತ್ಯಗ್ರಾಮವನ್ನು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರು ವಿನ್ಯಾಸಗೊಳಿಸಿದರು. ಮಲೆನಾಡಿನ ಸಣ್ಣ ಊರಿನ ನೃತ್ಯ ಶಿಕ್ಷಕಿಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಹಲವರು ತಿಂಗಳ ಶುಲ್ಕದಲ್ಲೇ ಬಾಡಿಗೆ ಕಟ್ಟಿ ತರಗತಿ ನಡೆಸುತ್ತಾರೆ. ಬಾಡಿಗೆ ಜಾಗದಲ್ಲಿ ಮರದ ನೆಲ ಹಾಕಿಸಿ, ನಾಳೆ ಮಾಲೀಕರು ಬಿಡಿಸಿದರೆ ಏನು ಮಾಡುವುದು ಎಂಬ ಭಯ ಅವರದು. ಅದಕ್ಕೆ ಉಪಾಯವಿದೆ. ನಾಲ್ಕಡಿಗೆ ನಾಲ್ಕಡಿಯ ಚೌಕಟ್ಟುಗಳಾಗಿ ಮಾಡಿಸಿ, ಬೋಲ್ಟಿನಿಂದ ಜೋಡಿಸಿದರೆ ಜಾಗ ಬದಲಾದಾಗ ಲಾರಿಗೆ ಹಾಕಿಕೊಂಡು ಹೋಗಬಹುದು. ಪಾಲಕರು ಕೈ ಸೇರಿಸಿದರೆ ವರ್ಷಕ್ಕೆ ಹತ್ತು ಚೌಕಟ್ಟಿನಂತೆ ಮಾಡಿಸಿಕೊಂಡು ಹೋಗಬಹುದು. ಪ್ರತಿ ವಾರ್ಷಿಕೋತ್ಸವದ ಬಾಡಿಗೆ ಒಡವೆ, ಫೋಟೊ, ಫ್ಲೆಕ್ಸಿಗೆ ಮಾಡುವ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಹೋಗಲಿ. ಅಲ್ಲಿಯವರೆಗೆ ಕಾಂಕ್ರೀಟಿನ ಮೇಲೆ ಜಿಗಿತದ ಅಡವುಗಳನ್ನು ಕಡಿಮೆ ಮಾಡಿ, ತಟ್ಟನ್ನು ಅರ್ಧ ಬಲದಲ್ಲಿ ಮಾಡಿಸಿ, ನಡುನಡುವೆ ಕುಳಿತು ಹಸ್ತ, ತಾಳ, ಅಭಿನಯ ಕಲಿಸಬಹುದು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಅದೂ ಬೇಕಾದ ಪಾಠವೇ.

ತರಗತಿ ನೋಡಲು ಹೋಗುವುದಾದರೆ ಏಪ್ರಿಲ್ ರಜೆಯಲ್ಲಿ ಹೋಗಬೇಡಿ. ಆಗ ಎಲ್ಲ ಹಾಲುಗಳೂ ಚೆನ್ನಾಗಿಯೇ ಇರುತ್ತವೆ. ಜುಲೈ ತಿಂಗಳ ಒಂದು ಸಂಜೆ, ಮಳೆ ಹಿಡಿದಿರುವಾಗ, ತರಗತಿ ಅರ್ಧ ಮುಗಿದ ಹೊತ್ತಿಗೆ ಹೋಗಿ. ಬಾಗಿಲಲ್ಲಿ ಚಪ್ಪಲಿ ಬಿಡಿ. ಒಳಗೆ ಕಾಲಿಟ್ಟಾಗ ನೆಲ ಒದ್ದೆಯಿದೆಯೇ, ಗುರುಗಳ ಸೊಲ್ಲು ಹಿಂದಿನ ಸಾಲಿಗೆ ಕೇಳುತ್ತಿದೆಯೇ, ಮಕ್ಕಳು ತಟ್ಟಿದಾಗ ನಿಮ್ಮ ಅಂಗಾಲಿಗೆ ಏನಾದರೂ ತಿಳಿಯಿತೇ ಗಮನಿಸಿ. ಮನೆಗೆ ಬಂದ ಮೇಲೆ ಮಗಳನ್ನು ಕೂರಿಸಿಕೊಂಡು ಕಾಲು ನೋಯುತ್ತದೆಯೇ ಎಂದು ಒಮ್ಮೆ ಕೇಳಿ.